ಗಾಳಿಗೆ ಬೆನ್ನು ಕೊಟ್ಟ ತಾಮ್ರದ ಹುಂಜ

ಅಶ್ವಥಾಚಾರಿಯ ಮುತ್ತಜ್ಜ ಪುಟ್ಟಾಚಾರಿ ನಾಗಮಂಗಲದ ಕಂಚುಗಾರ. ಅವನು ಬಡಿದ ಕಳಶ ಊರ ಗುಡಿಯ ನೆತ್ತಿಯ ಮೇಲೆ ಕೂತು ಮೂರು ತಲೆಮಾರಿನ ಸಿಡಿಲು ನೋಡಿತು. ತಾತ ನಂಜುಂಡಾಚಾರಿಯ ತಾಮ್ರದ ಹಂಡೆಯಿಂದ ಬಿಸಿನೀರು ಹುಯ್ಸಿಕೊಳ್ಳದ ಬಾಣಂತಿ ಆ ಸೀಮೆಯಲ್ಲಿರಲಿಲ್ಲ. ಅಪ್ಪ ತಿಮ್ಮಾಚಾರಿ ನೆಗ್ಗಿದ ಕೊಡವನ್ನು ಸವರಿ ನೋಡಿಯೇ, ಸಿಟ್ಟಿನಲ್ಲಿ ಕುಕ್ಕಿದ್ದು ಅತ್ತೆಯೋ ಸೊಸೆಯೋ ಹೇಳಿಬಿಡುತ್ತಿದ್ದ.

ಅಂಥ ವಂಶದ ಕುಡಿ ಡೆಟ್ರಾಯಿಟ್ ಪಕ್ಕದ ಕಾರ್ಖಾನೆಯಲ್ಲಿ ಕಾರಿನ ಬಾಗಿಲುಗಳಿಗೆ ಅಚ್ಚು ಕೊರೆದು ರಿಟೈರಾಗಿ, ಅಲ್ಲೇ ಹತ್ತಿರದ ಕ್ಯಾಂಟನ್ನಿನಲ್ಲಿ ಹೆಂಡತಿ ಕೌಸಲ್ಯಾಳ ಜೊತೆ ತಣ್ಣಗಿದ್ದ. ಪಕ್ಕದ ಮನೆಯ ಶ್ರೀಕಾಂತ್ ತನ್ನ ಗರಾಜಿನ ಮೇಲೆ ಹುಂಜ ಏರಿಸುವವರೆಗೆ ಮಾತ್ರ.

ಗಾಳಿ ಬಂದ ದಿಕ್ಕಿಗೆ ಮುಖ ತಿರುಗಿಸುವ ತಗಡಿನ ಹುಂಜ ಅದು. ಮನೆಗೆ ಬಂದವರಿಗೆಲ್ಲ ಶ್ರೀಕಾಂತ್ ಅದರ ಪುರಾಣ ಬಿಚ್ಚುತ್ತಿದ್ದ. ಇಂಗ್ಲೆಂಡಿನಲ್ಲಿ ಚರ್ಚಿನ ಶಿಖರದ ಮೇಲೂ ಇಂಥದ್ದನ್ನು ಕೂರಿಸುತ್ತಾರಂತೆ, ಹುಂಜ ಕೂಗಿದರೆ ದೆವ್ವಗಳು ಓಟ ಕೀಳುತ್ತವಂತೆ, ಗಳಿಗೆಗೊಂದು ಕಡೆ ವಾಲುವ ಮನುಷ್ಯನನ್ನೂ ಈ ಹುಂಜದ ಹೆಸರಿನಲ್ಲೇ ಆಡಿಕೊಳ್ಳುತ್ತಾರಂತೆ.

"ಕಳಶ ಇಡೋ ಜಾಗದಲ್ಲಿ ಕೋಳಿ!" ಎಂದು ಅಶ್ವಥ್ ಮೂಗು ಮುರಿದ.

"ನೋಡೋಕೆ ಲಕ್ಷಣವಾಗಿದೆ ಕಣ್ರೀ" ಎಂದಳು ಕೌಸಲ್ಯಾ.

ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದ. ಆದರೆ ಕೌಸಲ್ಯಾ ಹಿತ್ತಲಲ್ಲಿ ಸಂಡಿಗೆ ಇಡುವ ಮುಂಚೆ ಗಂಡನನ್ನು ಕೇಳುತ್ತಿದ್ದವಳು. ಅವನು ಬೆರಳಿಗೆ ಎಂಜಲು ಹಚ್ಚಿ ಎತ್ತಿ ಹಿಡಿದು, ಗಾಳಿ ಎತ್ತಲಿಂದ ಎಂದು ಹೇಳಬೇಕು, ಅವಳು ಮರೆ ನೋಡಿ ಶೀಟು ಹಾಸಬೇಕು. ಈಗ ಬೆರಳನ್ನು ಕೇಳುವವರೇ ಇಲ್ಲ. ಕತ್ತೆತ್ತಿ ಶ್ರೀಕಾಂತನ ಗರಾಜಿನ ಮಾಡು ನೋಡುತ್ತಾಳೆ, ಹಾಸುತ್ತಾಳೆ. ಅಶ್ವಥನ ಹೊಟ್ಟೆಯೊಳಗೆ ಕುಲುಮೆ ಹೊತ್ತಿಕೊಂಡಿತು.

ಗರಾಜಿನ ಬಾಗಿಲು ಹಾಕಿಕೊಂಡು ತಾಮ್ರದ ತಗಡು ಬಡಿಯಲು ಕೂತ. ಶ್ರೀಕಾಂತನ ಹುಂಜ ಬಡಕಲು, ಬರೀ ಬಾಲ. ತನ್ನದು ಕಾಳಗದ ಹುಂಜ ಆಗಬೇಕು ಎಂದು ಪೈಲ್ವಾನನ ಎದೆ ಉಬ್ಬಿಸಿದ, ಜುಟ್ಟು ಎತ್ತಿದ, ಬಾಲವನ್ನು ಚೋಟುದ್ದ ಬಿಟ್ಟ. ಮಾಡಿಗೆ ಏರಿಸಿದಾಗ ಬಿಸಿಲಿಗೆ ಅದು ಕೆಂಡದಂತೆ ಹೊಳೆಯಿತು. ವಾಕಿಂಗ್ ಹೊರಟವರು ನಿಂತು ಫೋಟೋ ತೆಗೆದರು. ಅಶ್ವಥ್ ಮೀಸೆಯಲ್ಲೇ ನಕ್ಕ.

ಮರುದಿನ ಕೌಸಲ್ಯಾ ಗಂಡನ ಮೇಲಿನ ಅಕ್ಕರೆಗೆ ಪಕ್ಕದ ಮಾಡಿನತ್ತ ಕಣ್ಣೂ ಹಾಯಿಸಲಿಲ್ಲ. ತಮ್ಮ ಹುಂಜ ಪೂರ್ವಕ್ಕೆ ಮುಖ ಮಾಡಿತ್ತು. ಮೂಡಲ ಗಾಳಿಯೆಂದು ನಂಬಿ, ಗರಾಜಿನ ಪಡುವಣ ಗೋಡೆಯ ಮರೆಯಲ್ಲಿ ಸಂಡಿಗೆ ಇಟ್ಟಳು. ಬಿಸಿಲೇರಿದಂತೆ ಪಡುವಣ ಗಾಳಿಯೇ ರೊಯ್ಯನೆ ನುಗ್ಗಿತು. ಶೀಟು ಸಂಡಿಗೆ ಸಮೇತ ಎದ್ದು ಗೋಡೆಗೆ ಬಡಿದು, ಹುಲ್ಲಿನ ಮೇಲೆ ಮಗುಚಿ, ಮೂಲೆ ಸುತ್ತಿ ಉರುಳುತ್ತ ಶ್ರೀಕಾಂತನ ಹಿತ್ತಲು ಸೇರಿತು.

ಕೌಸಲ್ಯಾ ಎರಡೂ ಮಾಡುಗಳನ್ನು ನೋಡಿದಳು. "ಅವರದ್ದು ಗಾಳಿಗೆ ಎದೆ ಕೊಟ್ಟಿದೆ. ನಿಮ್ಮದು ಅಂಡು ತೋರಿಸ್ತಿದೆಯಲ್ರೀ!"

ಶ್ರೀಕಾಂತ್ ಶೀಟು ಮಡಿಸಿಕೊಂಡು ಬಂದ. "ಅಂಕಲ್, ಎದೆ ದೊಡ್ಡದಾಯ್ತು, ಬಾಲ ಸಾಲದು. ದೊಡ್ಡ ಕಡೇನ ಗಾಳಿ ತಾನು ಹೋಗೋ ದಿಕ್ಕಿಗೆ ತಳ್ಳಿಬಿಡುತ್ತೆ. ನಾನು ಲ್ಯಾಡರ್ ತರ್ತೀನಿ, ಬಾಲಕ್ಕೆ ಒಂದು ಪೀಸ್ ಅಟ್ಯಾಚ್ ಮಾಡಿಬಿಡೋಣ. ಹತ್ತು ನಿಮಿಷದ ಕೆಲಸ."

ಮಾತು ನಿಜವೆಂದು ಅಶ್ವಥನಿಗೆ ಕೇಳಿದ ಕ್ಷಣವೇ ಹೊಳೆಯಿತು. ಹೊಳೆದದ್ದಕ್ಕೇ ಇನ್ನಷ್ಟು ಉರಿಯಿತು. ಮಣ್ಣಾದ ಸಂಡಿಗೆಯೊಂದನ್ನು ಹುಲ್ಲಿನಿಂದ ಹೆಕ್ಕಿ, ಪಂಚೆಗೆ ಒರೆಸಿ, ಬಾಯಿಗೆ ಹಾಕಿಕೊಂಡ.

"ಬೇಡಪ್ಪ, ಲ್ಯಾಡರ್ ನಿನ್ನ ಹತ್ರಾನೇ ಇರಲಿ. ನಂಜುಂಡಾಚಾರಿ ಹಂಡೆಗೆ ಪಕ್ಕದ ಮನೆಯೋರು ತೇಪೆ ಹಾಕಿದ್ದುಂಟಾ? ಬಾಲ ಬೇಕಾದ್ರೆ ನಾನೇ ಬಡೀತೀನಿ, ನಿನ್ನ ಹುಂಜದ್ದಕ್ಕಿಂತ ಒಂದು ಗೇಣು ಉದ್ದ. ಅಲ್ಲೀವರೆಗೂ ನಿನ್ನದು ನೋಡಿದ ಕಡೆ ನಮ್ಮದು ನೋಡಲ್ಲ, ಹೋಗು."