ಚಿಂಚೋಳಿ ಮಾಸ್ತರರ ಸೋಮವಾರ

ಹೋದ ವಾರ ಹಳೇ ಟ್ರಂಕಿನ ತಳದಲ್ಲಿ ನನ್ನ ಪಟ್ಟಿ ಸಿಕ್ಕಿತು. ಸೈಕ್ಲೋಸ್ಟೈಲ್ ಮಾಡಿದ ಹಾಳೆ. ಇಷ್ಟು ವರ್ಷವಾದರೂ ಮಸಿಯ ವಾಸನೆ ಹೋಗಿಲ್ಲ. ಏನಾದರೂ ‘ಆಯಿತು’ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನೇನು ಮಾತುಗಳಿವೆ, ಯಾವುದರ ಬೆನ್ನಿಗೆ ಯಾವ ಪುಟ್ಟ ಶಬ್ದ ಬರಬೇಕು ಅನ್ನುವ ಪಟ್ಟಿ. ಹ್ಯಾಪನ್ ಬಂದರೆ ಟು, ಟೇಕ್ ಪ್ಲೇಸ್ ಬಂದರೆ ಇನ್ ಇಲ್ಲವೇ ಆ್ಯಟ್, ಬ್ರೇಕ್ ಬಂದರೆ ಔಟ್... ಒಂದು ಬೇಸಿಗೆ ರಜೆಯೆಲ್ಲ ಕೂತು ಮಾಡಿದ್ದು. ಶಹಾಬಾದಿನ ನಮ್ಮ ಸಾಲೆಯಲ್ಲಿ ಇಂಗ್ಲಿಷ್ ಅಂದರೆ ನಾನು, ನಾನಂದರೆ ಇಂಗ್ಲಿಷ್. ಚಿಂಚೋಳಿ ಮಾಸ್ತರು ಬರುವ ತನಕ.

ಎಪ್ಪತ್ತರ ದಶಕದ ಮಾತು. ಅವರು ಉರ್ದು ಮೀಡಿಯಮ್ಮಿನಲ್ಲಿ ಓದಿದವರು, ನನಗಿಂತ ಐದಾರು ವರ್ಷ ಚಿಕ್ಕವರು, ಕಾಲರು ಸವೆದ ಒಂದೇ ಕೋಟು. ಇವರೇನು ಮಣ್ಣು ಇಂಗ್ಲಿಷ್ ಕಲಿಸ್ತಾರೆ ಅಂದುಕೊಂಡಿದ್ದೆ. ಅವರು ಪಟ್ಟಿಗಿಟ್ಟಿ ಮುಟ್ಟಲೇ ಇಲ್ಲ. ಸೋಮವಾರ ಮೊದಲ ಪೀರಿಯಡ್ಡಿಗೆ ಬಂದವರೇ ಕುರ್ಚಿ ಎಳೆದುಕೊಂಡು ಮಕ್ಕಳ ನಡುವೆ ಕೂತು, “ಹೇಳ್ರಪಾ, ನಿಮ್ಮ ಓಣ್ಯಾಗ ಏನೇನಾತು?” ಅನ್ನುತ್ತಿದ್ದರು. ಒಬ್ಬೊಬ್ಬರೂ ಒಂದೊಂದು ಸುದ್ದಿಯನ್ನು ಇಂಗ್ಲಿಷಿನಲ್ಲಿ ಹೇಳಬೇಕು. ನಳದ ಹತ್ತಿರದ ಜಗಳ, ಬಾಜೂಮನೆಯ ನಿಕಾಹ್, ವಾಡಿ ಸ್ಟೇಷನ್ನಿನಲ್ಲಿ ತಪ್ಪಿಹೋದ ರೈಲುಗಾಡಿ...

ಒಂದು ಸೋಮವಾರ ಕಿಟಕಿಯ ಹೊರಗೆ ನಿಂತು ಕೇಳಿದೆ. ಹೌದು, ಕದ್ದೇ ಕೇಳಿದೆ. ಕಲ್ಲಿನ ಗಣಿಯಲ್ಲಿ ದುಡಿಯುವವನ ಮಗಳೊಬ್ಬಳು ಎದ್ದು ನಿಂತಿದ್ದಳು. ಫರ್ಸಿ ಕಲ್ಲು ಜಾರಿ ಅವಳ ಅಪ್ಪನ ಕಾಲ ಮೇಲೆ ಬಿದ್ದಿತ್ತು. ಇಟ್ ಹ್ಯಾಪನ್ಡ್ ಅನ್ನುವವರೆಗೆ ಬಂದು ಕಣ್ಣು ತುಂಬಿಕೊಂಡಳು.

“ಯಾರಿಗಿ ಆತವ್ವ?” ಅಂದರು ಮಾಸ್ತರು, ಮೆಲ್ಲಗೆ.

“ಅಪ್ಪಗ್ರಿ.”

“ಹಂಗಾದ್ರ ಅಪ್ಪನ್ನ ಬಿಡಬ್ಯಾಡ. ಕೈ ಹಿಡಕೊಂಡು ಹೇಳು.”

ಹುಡುಗಿ ಕಣ್ಣೊರೆಸಿಕೊಂಡು ಹೇಳಿದಳು: ಇಟ್ ಹ್ಯಾಪನ್ಡ್ ಟು ಮೈ ಫಾದರ್. ಆ ಟು ಕೂಡ ತಪ್ಪಲಿಲ್ಲ. ಇದೇ ಹುಡುಗಿಗೆ ಹಿಂದಿನ ವರ್ಷ ನಾನು ಪಟ್ಟಿಯನ್ನು ಹತ್ತು ಸಲ ಬರೆಸಿದ್ದೆ, ತಲೆಗೆ ಹತ್ತಿರಲಿಲ್ಲ. ನನ್ನ ಹೊಟ್ಟೆ ಧಗಧಗ ಉರಿಯಿತು.

ಅವತ್ತೇ ಹೆಡ್‌ಮಾಸ್ತರರ ಕೋಣೆಗೆ ಹೋಗಿ ಚಾಡಿ ಹೇಳಿದೆ. “ಪಾಠ ಬಿಟ್ಟು ಮಕ್ಕಳ ಕಡಿಂದ ಮಂದಿ ಮನೀ ಸುದ್ದಿ ಹೇಳಸ್ಲಿಕತ್ತಾರ್ರಿ. ನಾಳೆ ಏನರೆ ತಂಟೆ ಆದ್ರ ಸಾಲೀ ಹೆಸರು ಕೆಡ್ತದ.” ಮುಂದಿನ ವಾರದಿಂದ ಸೋಮವಾರದ ಸುದ್ದಿ ಬಂದ್. ಚಿಂಚೋಳಿ ಮಾಸ್ತರು ನನ್ನ ಹತ್ತಿರವೇ ಬಂದರು. “ಸರ್, ನಿಮ್ಮ ಪಟ್ಟಿ ಒಂದು ಕೊಡ್ರಿ. ಇನ್ನ ಅದೇ ಕಲಸ್ತೀನಿ.” ಕೊಟ್ಟೆ. ನಾಚಿಕೆಯಾಗಬೇಕಿತ್ತು, ಖುಷಿಯಾಯಿತು.

ಇನ್‌ಸ್ಪೆಕ್ಟರು ಬಂದಾಗ ಅವರ ಕ್ಲಾಸು ನನ್ನ ಪಟ್ಟಿಯನ್ನು ಗಿಳಿಗಳ ಹಾಗೆ ಒಪ್ಪಿಸಿತು. ಮಾಸ್ತರು ನನ್ನ ಕಡೆ ಕೈ ತೋರಿಸಿ, ಅದು ಇವರು ಮಾಡಿದ್ದೆಂದು ಎಲ್ಲರೆದುರು ಹೇಳಿದರು. ಶಾಭಾಸ್ ನನಗೆ ಸಿಕ್ಕಿತು. ಆ ಮನುಷ್ಯನಿಗೆ ಹೊಟ್ಟೆಕಿಚ್ಚು ಅನ್ನುವುದೇ ಇರಲಿಲ್ಲ. ಥೂ, ಅದಕ್ಕೂ ನನಗೆ ಹೊಟ್ಟೆಕಿಚ್ಚು!

ಎರಡು ವರ್ಷಕ್ಕೆ ಅವರಿಗೆ ವರ್ಗವಾಯಿತು. ಆಮೇಲೆ ಎಲ್ಲೋ ತೀರಿಕೊಂಡರು ಅಂತ ಕೇಳಿದೆ...

ನಿನ್ನೆ ಅದೇ ಹುಡುಗಿ, ಗಣಿಯವನ ಮಗಳು, ತನ್ನ ಮಗಳ ಮದುವೆಗೆ ಕರೆಯಲು ಬಂದಿದ್ದಳು. ಈಗ ಅವಳೂ ಸೇಡಮ್ಮಿನಲ್ಲಿ ಇಂಗ್ಲಿಷ್ ಟೀಚರು. ಮಾಸ್ತರರ ಮಾತು ಬಂತು. “ಸಾಲ್ಯಾಗ ಬಂದ್ ಆದ ಮ್ಯಾಲ ಸೋಮವಾರ ಸಂಜೀಕ ಅವರ ಮನೀ ಕಟ್ಟಿ ಮ್ಯಾಲ ಕೂಡ್ತಿದ್ದೆವ್ರಿ ಸರ್. ಎಲ್ಲಾರೂ, ಎರಡು ವರ್ಷ,” ಅಂದಳು. ನನಗೆ ಗೊತ್ತೇ ಆಗಲಿಲ್ಲವಲ್ಲ ಅಂದೆ. ಅವಳು ತಲೆ ತಗ್ಗಿಸಿದಳು. “ಮಾಸ್ತರು ನಿಮಗ ಹೇಳಬ್ಯಾಡ್ರಿ ಅಂದಿದ್ರು... ಸರ್‌ಗ ಭಾಳ ಸಂಕಟ ಆಗ್ತದ ಅಂತ.”

ಅಂದರೆ ನನ್ನ ಚಾಡಿ, ನನ್ನ ಹೊಟ್ಟೆಕಿಚ್ಚು, ಅವರಿಗೆ ಎಲ್ಲ ಗೊತ್ತಿತ್ತು. ಮಕ್ಕಳಿಗೂ ಗೊತ್ತಿತ್ತು. ಅವಳು ಹೋದ ಮೇಲೆ ನನ್ನ ಹೊಟ್ಟೆ ಮತ್ತೆ ಉರಿಯಿತು, ಸತ್ತವರ ಮೇಲೆ, ಈ ವಯಸ್ಸಿನಲ್ಲಿ! ತಪ್ಪಾಯಿತು ಅನ್ನೋಣವೆಂದರೆ ಅವರಿಲ್ಲ. ಅವರ ಮನೆ ನಮ್ಮ ಮನೆಯಿಂದ ಎರಡೇ ಓಣಿ ಆಚೆ ಇತ್ತು. ಒಂದೇ ಒಂದು ಸೋಮವಾರ ಹೋಗಿ ಆ ಮಕ್ಕಳ ನಡುವೆ ಕೂತಿದ್ದರೆ, ನಿಮಗೇನಾಗಿದೆ ಅಂತ ಅವರು ನನ್ನನ್ನೂ ಕೇಳುತ್ತಿದ್ದರು.