ಭುಜಕ್ಕೆಂದು ತಂದ ಎಣ್ಣೆ

ತುಮಕೂರಿನ ನರ್ಸಿಂಗ್ ಹೋಮ್‌ಗಳ ನಡುವೆ ಓಡಾಡುವ ಅರಿವಳಿಕೆ ವೈದ್ಯೆ ವಸುಧಾಗೆ ಹೊಗಳಿಕೆಯ ಆಸೆ ಎಂದೋ ಸತ್ತಿತ್ತು. ತೂಕ ಇಳಿಸುವ ಕೀಹೋಲ್ ಆಪರೇಷನ್ನಿಗೆ ಹೊಟ್ಟೆಯೊಳಗೆ ಗ್ಯಾಸ್ ತುಂಬುತ್ತಾರೆ. ಆಮೇಲೆ ಅದರಿಂದಲೇ ಭುಜ ನೋಯುತ್ತದೆ. ನಿನ್ನೆ ಆಕೆ ಹೊಟ್ಟೆಯ ಸ್ನಾಯು ಪೂರ್ತಿ ಸಡಿಲವಾಗುವಂತೆ ಔಷಧಿ ಕೊಟ್ಟು, ಸರ್ಜನ್ ಜೊತೆ ಜಗಳವಾಡಿ, ಭುಜ ನೋಯದಿರಲೆಂದು ಗ್ಯಾಸ್ ಕಡಿಮೆ ಮಾಡಿಸಿದ್ದಳು.

ಇವತ್ತು ನೋಡಲು ಹೋದರೆ ಆ ಆಪರೇಷನ್ ಆದ ಗುಬ್ಬಿಯ ಕರಿಬಸಮ್ಮನ ಮುಖದಲ್ಲಿ ಅನುಮಾನ.

"ಕುಣಿಗಲ್ ನಾದಿನಿ ಇದೇ ಆಪರೇಷನ್ ಮಾಡಿಸ್ಕೊಂಡು ಭುಜ ಹಿಡ್ಕೊಂಡು ಅತ್ತಿದ್ಲು. ನಂಗೇನೂ ನೋವಿಲ್ಲ. ನಿಜವಾಗ್ಲೂ ಮಾಡಿದ್ರಾ, ಬರೀ ಮಲಗ್ಸಿ ಎಬ್ಬಿಸಿದ್ರಾ?"

ವಸುಧಾ ಗೋಡೆಗೊರಗಿ, ಓಡಾಟದಿಂದ ನೋಯುತ್ತಿದ್ದ ತನ್ನ ಭುಜ ಒತ್ತಿಕೊಂಡಳು.

ಕರಿಬಸಮ್ಮ ಅದನ್ನು ನೋಡಿ ದಿಂಬಿನಡಿಯಿಂದ ಎಣ್ಣೆ ಬಾಟಲಿ ತೆಗೆದಳು.

"ಕೂತ್ಕೊಳ್ಳಿ ಡಾಕ್ಟ್ರಮ್ಮ. ಭುಜಕ್ಕೆ ಅಂತ್ಲೇ ತಂದಿದ್ದೆ."