ಅಜ್ಜಿಯ ಗುಳಿಗಿ, ನನ್ನ ಬಾಯಿ

ನನ್ನ ಬಾಯಿ ಸುದ್ದ ಇಲ್ಲ ಅಂತ ನನ್ನ ಹೇಣ್ತಿ ಮದುವಿ ಆದ ಮೂರನೇ ದಿನಕ್ಕ ಹೇಳಿದ್ಲು. ಗದಗಿನ ಒಂದು ಕಾಲೇಜಿನಾಗ ಇಪ್ಪತ್ತು ವರ್ಷದಿಂದ ಆಟ ಕಲಸ್ಕೋತ ಬಂದಾಂವ ನಾನು. ಒದರದಿದ್ರ ಯಾರು ಓಡತಾರ, ಯಾರು ಕುಸ್ತಿ ಹಿಡೀತಾರ ಅಂತ ನನ್ನ ವಾದ. ಆ ಸೊಕ್ಕು ಇಳಿದದ್ದು ಅಂತೂರ-ಬೆಂತೂರದ ಒಬ್ಬ ಹುಡುಗಿಯಿಂದ.

ಅಕಿ ನಮ್ಮ ಕುಸ್ತಿ ತಂಡದಾಗ ಎಲ್ಲಾರಕಿಂತ ಛಲೋ ಆಡಾಕಿ. ಆ ಸಲ ಕಾಲೇಜುಗಳ ಕ್ರೀಡಾಕೂಟದಾಗ ಗೆದ್ರ ವಿಶ್ವವಿದ್ಯಾಲಯದ ತಂಡಕ್ಕ ಹೋಗಾಕಿದ್ಲು. ಇನ್ನ ಎರಡ ದಿನ ಇದ್ದಾಗ ತೂಕ ನೋಡಿದ್ರ ಅಕಿ ಆಡೂ ವರ್ಗದ ಮಿತಿಗಿಂತ ಒಂದೂವರಿ ಕಿಲೋ ಜಾಸ್ತಿ! ನನ್ನ ತಲಿ ಕೆಟ್ಟು ಹೋತು. "ಏನ್ ತಿಂದೀ ಬೇ? ಹೆಂಗರ ಮಾಡು, ಏನರ ಮಾಡು, ತೂಕ ಇಳಿಸ್ಕೊಂಡು ಬಾ. ಇಲ್ಲಂದ್ರ ಮಾರಿ ತೋರಿಸಬ್ಯಾಡ" ಅಂತ ಎಲ್ಲಾರ ಮುಂದ ಒದರಿದೆ.

ಕೂಟದ ದಿನ ಮುಂಜಾನಿ ತೂಕ ಬರೋಬ್ಬರಿ ಇತ್ತು. ಶಾಬಾಸ್ ಅಂದೆ. ಆದ್ರ ಹುಡುಗಿ ಮಾರಿ ಬಾಡಿತ್ತು, ಮೀನಖಂಡ ಹಿಡ್ಕೊಂಡು ನರಳಾಕತ್ತಿದ್ಲು. ತಿಕ್ಕಾಕ ಮುಲಾಮು ಹುಡುಕೂಣು ಅಂತ ಅಕಿ ಚೀಲ ತಗದ್ರ ಒಳಗ ಖಾಲಿ ಗುಳಿಗಿ ಪಾಕೀಟು.

"ಇದೇನು?"

"ನಮ್ಮಜ್ಜಿ ಬಿ.ಪಿ. ಗುಳಿಗಿ ರೀ ಸರ್. ಮೈಯಾಗಿನ ನೀರು ಇಳೀತೈತಿ ಅಂತ ತಗೊಂಡೆ" ಅಂದಾಕಿನ ಅಳಾಕತ್ತಿದ್ಲು.

ನೀರು ಇಳಸೂ ಗುಳಿಗಿ ಆಟಗಾರರು ನುಂಗಬಾರದು. ನಿಷೇಧದ ಯಾದಿಯಾಗ ಐತಿ. ವರ್ಷದ ಮೊದಲಿಗೆ ಆ ಯಾದಿ ಓದಿ ಹೇಳಿ, ಎಲ್ಲಾರ ಸಹಿ ತಗೊಂಡಾಂವ ನಾನ. ಸುಮ್ಮನಿದ್ರ ಯಾರಿಗೂ ಗೊತ್ತಾಗೂದಿಲ್ಲ ಅಂತ ಒಂದು ಗಳಿಗಿ ಮನಸ್ಸು ಹೊಯ್ದಾಡಿದ್ದು ಖರೆ. ಆದ್ರ ಅಕಿ ಕಾಲು ನಡಗೂದು ನೋಡಿ ಹೆದರಿಕಿ ಆತು. ಕೂಟದಿಂದ ಅಕಿ ಹೆಸರು ತಗಸಿದೆ, ಪ್ರಿನ್ಸಿಪಾಲರಿಗೆ ವರದಿ ಬರದು ಕೊಟ್ಟೆ. ಒಂದು ವರ್ಷ ತಂಡದಾಗ ಆಡಂಗಿಲ್ಲ ಅಂತ ಆತು.

ಹುಡುಗಿ ತಾಲೀಮಿಗೆ ಬರೂದ ಬಿಟ್ಲು. ಕ್ಲಾಸಿಗೂ ಇಲ್ಲ. ಒಂದು ವಾರ ಕಾದೆ. ಇಂಥಾಕಿ ಕುಸ್ತಿನ ಬಿಟ್ಟಗಿಟ್ಟಾಳು ಅಂತ ಚಿಂತಿ ಹತ್ತಿತು. ಗಾಡಿ ತಗೊಂಡು ಅಕಿ ಊರಿಗೆ ಹೋದೆ. ಕಟ್ಟಿ ಮ್ಯಾಲ ಅಜ್ಜಿ ಶೇಂಗಾ ಸುಲೀತಿದ್ಲು. ನಾನು ಯಾರಂತ ಹೇಳಿದ್ದ ತಡ, ಶೇಂಗಾ ಬುಟ್ಟಿ ಅತ್ತಾಗ ಸರಿಸಿದ್ಲು.

"ನೀನ ಏನು ಆ ಮಾಸ್ತರ? ಗುಳಿಗಿ ಇಲ್ಲದ ಎರಡ ದಿನ ತಲಿ ಗಿರ್ರಂತ ತಿರಗಿ ಬಚ್ಚಲದಾಗ ಬಿದ್ದೀನಪಾ ನಾನು. ಮೊಮ್ಮಗಳು ಕದ್ದಾಳ, ಖರೆ. ಅಕಿಗೆ ಶಿಕ್ಷಾ ಆತು, ಛಲೋ ಆತು. ಏನರ ಮಾಡು ಅಂದಾಂವ ನೀನು. ನಿನಗೇನು ಶಿಕ್ಷಾ ಆತು?"

ಬಾಗಿಲ ಹಿಂದ ನಿಂತಿದ್ದ ಹುಡುಗಿ ಹೊರಗ ಬಂದು, "ಹಂಗ ಅನಬ್ಯಾಡ ಅಜ್ಜಿ, ಸರ್ ಗುಳಿಗಿ ನುಂಗು ಅಂದಿಲ್ಲ. ನುಂಗಿದಾಕಿ ನಾನು" ಅಂದ್ಲು. ಅದನ್ನ ಕೇಳಿ ನನಗ ಇನ್ನೂ ನಾಚಿಕಿ ಆತು.

ಮರುದಿನ ಇನ್ನೊಂದು ವರದಿ ಬರದೆ. ಮೊದಲನೇದರಾಗ ನುಂಗಿಕೊಂಡಿದ್ದ ನನ್ನ 'ಏನರ ಮಾಡು' ಅನ್ನೂ ಮಾತನ್ನ ಇದ್ದದ್ದು ಇದ್ದಂಗ ಹಾಕಿದೆ. ಅಕಿ ಆಡೂ ತನಕ ನಾನೂ ತಂಡದ ಜೋಡಿ ಯಾವ ಕೂಟಕ್ಕೂ ಹೋಗೂದಿಲ್ಲ ಅಂತ ಸಹಿ ಮಾಡಿದೆ. "ನಿಮಗೇನು ಹುಚ್ಚು ಹಿಡದೈತೇನ್ರಿ?" ಅಂದ್ರು ಪ್ರಿನ್ಸಿಪಾಲರು. ಹಿಡದೈತ್ರಿ ಅಂದೆ. ಅದರ ನಕಲು ಒಯ್ದು ಹುಡುಗಿ ಕೈಯಾಗ ಕೊಟ್ಟೆ. ಎರಡ ಸಲ ಓದಿದ್ಲು. ಸೋಮವಾರ ಮುಂಜಾನಿ ಎಲ್ಲಾರಕಿಂತ ಮೊದಲ ಬಂದು ಮ್ಯಾಟ್ ಝಾಡಸಾಕತ್ತಿದ್ಲು. ನನಗ ಹೋದ ಜೀವ ಬಂದಂಗಾತು.

ತಂಡದವರು ಕೂಟಕ್ಕ ಹೋದಾಗೆಲ್ಲಾ ನಾವಿಬ್ಬರ ಹಿಂದ ಉಳದು ತಾಲೀಮು ಮಾಡಿದ್ವಿ. ನನ್ನ ಒದರೂದೇನು ಪೂರಾ ನಿಂತಿಲ್ಲ, ಹುಟ್ಟುಗುಣ ಸುಟ್ಟರೂ ಹೋಗೂದಿಲ್ಲ. ಈ ವರ್ಷ ಶಿಕ್ಷಾ ಮುಗದ ಮ್ಯಾಲ ಅಕಿ ತಾನ ಮ್ಯಾಲಿನ ತೂಕದ ವರ್ಗಕ್ಕ ಹೆಸರು ಕೊಟ್ಲು. "ಹಸ್ಕೊಂಡು ಗೆಲ್ಲೂದಕಿಂತ ಉಂಡು ಸೋಲ್ತೀನ್ರಿ ಸರ್" ಅಂದ್ಲು. ಆತು ಬಿಡು ಯವ್ವಾ ಅಂದೆ.

ಕೂಟ ಮುಂಡರಗಿಯಾಗ. ತನಗಿಂತ ದಪ್ಪ ಹುಡುಗ್ಯಾರ ಜೋಡಿ ಸೆಣಸಿ ಮೂರನೇದಾಕಿ ಆದ್ಲು. ಪದಕ ಕೊಟ್ಟ ಮ್ಯಾಲ ನಿಷೇಧದ ಗುಳಿಗಿ ತಪಾಸಣಿಯವರು ಬಂದು, ಗೆದ್ದವರೆಲ್ಲಾ ಮೂತ್ರದ ಸ್ಯಾಂಪಲ್ ಕೊಡಬೇಕು, ಯಾರು ಮೊದಲು ಬರ್ತೀರಿ ಅಂದ್ರು. ಹುಡುಗ್ಯಾರು ಒಬ್ಬರ ಮಾರಿ ಒಬ್ಬರು ನೋಡಿದ್ರು. ನಮ್ಮ ಹುಡುಗಿ ಕೊರಳಾಗಿನ ಪದಕ ತಗದು ನನ್ನ ಕೈಯಾಗ ಇಟ್ಟು, "ನಾ ಬರ್ತೀನ್ರಿ" ಅಂತ ಎದ್ದು ಹೋದ್ಲು.